ಹೆಗು ಬಿಂದು: ಹುಡುಕುವುದು ಹೇಗೆ, ಒತ್ತುವುದು ಹೇಗೆ, ಯಾವಾಗ ಬೇಡ

ತಲೆನೋವು ಬಂದರೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿಕೊಳ್ಳಿ ಅಂತ ಯಾರಾದರೂ ನಿಮಗೆ ಹೇಳಿರುತ್ತಾರೆ. ಕೈಯ ಚಿತ್ರದ ಮೇಲೆ ಕೆಂಪು ಚುಕ್ಕೆ ಇಟ್ಟ ಫೋಟೊ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಚುಕ್ಕೆ ಬಹಳಷ್ಟು ಸಲ ಸರಿಯಾದ ಜಾಗದ ಆಸುಪಾಸಿನಲ್ಲೇ ಇರುತ್ತದೆ. ಆದರೆ ಯಾವ ಕಡೆಗೆ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು, ಒತ್ತಿದಾಗ ಏನನ್ನಿಸಬೇಕು, ಯಾರು ಒತ್ತಲೇಬಾರದು ಅನ್ನುವುದು ಆ ಚಿತ್ರದಲ್ಲಿ ಇರುವುದಿಲ್ಲ. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಈ ಬಿಂದುವಿನ ಚೀನೀ ಹೆಸರು ಹೆಗು. ಚೀನಾದ ಸಾಂಪ್ರದಾಯಿಕ ವೈದ್ಯದ ಪ್ರಕಾರ ಮೈಯಲ್ಲಿ 'ಚಿ' ಅನ್ನುವ ಪ್ರಾಣಶಕ್ತಿ ಹರಿಯುವ ದಾರಿಗಳಿವೆ. ಅದರಲ್ಲಿ ಒಂದು ದೊಡ್ಡ ಕರುಳಿನ ದಾರಿ. ಆ ದಾರಿಯ 20 ಬಿಂದುಗಳಲ್ಲಿ ಹೆಗು ನಾಲ್ಕನೆಯದು. ಚಾರ್ಟುಗಳಲ್ಲಿ 'ಎಲ್‌ಐ 4' (ಎಲ್‌ಐ ಅಂದರೆ ಲಾರ್ಜ್ ಇಂಟೆಸ್ಟೈನ್, ದೊಡ್ಡ ಕರುಳು) ಎಂದು ಬರೆದಿರುವುದು ಇದನ್ನೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಗು ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು. ನೋವು ಯಾಕೆ ಬಂತೋ ಆ ಕಾರಣವನ್ನು ಅದು ತೆಗೆಯುವುದಿಲ್ಲ. ಇಷ್ಟು ತಿಳಿದುಕೊಂಡು ಬಳಸಿದರೆ ಇದು ತುಂಬಾ ಒಳ್ಳೆಯ ಉಪಾಯ. ಮರೆತು ಬಳಸಿದರೆ ಅಪಾಯ.

ಮೊದಲು ಜಾಗ ಹುಡುಕಿ

ಎಡಗೈಯಿಂದ ಶುರು ಮಾಡೋಣ. ಕೈಯನ್ನು ತೊಡೆಯ ಮೇಲೋ ಮೇಜಿನ ಮೇಲೋ ಇಡಿ. ಕಿರುಬೆರಳ ಬದಿ ಕೆಳಗೆ, ಹೆಬ್ಬೆರಳು ಮೇಲೆ ಬರಲಿ. ಬೆರಳುಗಳನ್ನು ಸಡಿಲ ಬಿಡಿ.

ಈಗ ಎಡಗೈ ತೋರುಬೆರಳ ಬುಡದಲ್ಲಿರುವ ದೊಡ್ಡ ಗೆಣ್ಣನ್ನು ಮುಟ್ಟಿ ನೋಡಿ. ಅಲ್ಲಿಂದ ಮಣಿಕಟ್ಟಿನ ಕಡೆಗೆ ಒಂದು ಉದ್ದನೆಯ ಮೂಳೆ ಹೋಗುತ್ತದೆ. ಆ ಮೂಳೆಯ ಹೆಬ್ಬೆರಳ ಕಡೆಯ ಅಂಚಿನ ಮೇಲೆ ಬೆರಳಿಟ್ಟು, ಮಣಿಕಟ್ಟಿನತ್ತ ಮೆಲ್ಲಗೆ ಜಾರಿಸಿ. ಮೂಳೆಯ ಅರ್ಧಕ್ಕೆ ಬಂದಾಗ ನಿಲ್ಲಿಸಿ. ಅಲ್ಲಿ ಮೂಳೆಯ ಅಂಚಿಗೆ ಅಂಟಿಕೊಂಡಿರುವ ಮಾಂಸದಲ್ಲೇ ಹೆಗು ಇದೆ. ಇಂಥ ಬಿಂದುಗಳಿಗೆ ಸೂಜಿ ಹಾಕುವ ಚೀನೀ ಚಿಕಿತ್ಸೆಗೆ ಅಕ್ಯುಪಂಕ್ಚರ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 361 ಅಕ್ಯುಪಂಕ್ಚರ್ ಬಿಂದುಗಳ ಜಾಗಗಳನ್ನು ಪ್ರಕಟಿಸಿತು. ಅದರಲ್ಲೂ ಹೆಗುವಿಗೆ ಇದೇ ಗುರುತು ಕೊಟ್ಟಿದ್ದಾರೆ.

ಸರಿಯಾಗಿ ಸಿಕ್ಕಿತೋ ಇಲ್ಲವೋ ಅಂತ ಅನುಮಾನ ಬಂದರೆ ಹಳೆಯ ಎರಡು ವಿಧಾನಗಳಿವೆ.

ಮೊದಲನೆಯದು ಸುಲಭ. ಹೆಬ್ಬೆರಳನ್ನು ತೋರುಬೆರಳಿಗೆ ಬಿಗಿಯಾಗಿ ಸೇರಿಸಿ. ಎರಡರ ನಡುವೆ ಮಾಂಸ ಉಬ್ಬಿ ನಿಲ್ಲುತ್ತದೆ. ಆ ಉಬ್ಬಿನ ತೀರಾ ಎತ್ತರದ ಜಾಗವೇ ಹೆಗು. ಅಲ್ಲಿ ಬೆರಳಿಟ್ಟು ಗುರುತು ಮಾಡಿಕೊಂಡು, ಆಮೇಲೆ ಕೈ ಸಡಿಲ ಬಿಡಿ. ಉಬ್ಬಿಸಿಕೊಂಡೇ ಒತ್ತಿದರೆ ಬಿಗಿದ ಮಾಂಸದ ಮೇಲೆ ಬೆರಳು ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಎರಡನೆಯದು ಇನ್ನೂ ಖಚಿತ. ಎಡಗೈಯ ಹೆಬ್ಬೆರಳು, ತೋರುಬೆರಳನ್ನು ಅಗಲಿಸಿ. ನಡುವೆ ತೆಳು ಚರ್ಮದ ಅಂಚು ಕಾಣುತ್ತದೆ. ಬಲಗೈ ಹೆಬ್ಬೆರಳು ಮಡಚುವಲ್ಲಿ ಒಂದು ಅಡ್ಡ ಗೆರೆ ಇದೆಯಲ್ಲ, ಅದನ್ನು ಈ ಚರ್ಮದ ಅಂಚಿನ ಮೇಲೆ ಇಡಿ. ಈಗ ಆ ಹೆಬ್ಬೆರಳನ್ನು ಎಡಗೈಯ ಹಿಂಬದಿಗೆ ಬಗ್ಗಿಸಿ. ತುದಿ ಎಲ್ಲಿ ತಾಗುತ್ತದೋ ಅಲ್ಲೇ ಬಿಂದು. ನಿಮ್ಮ ಕೈಗೆ ನಿಮ್ಮದೇ ಬೆರಳು ಅಳತೆ. ಹಾಗಾಗಿ ದೊಡ್ಡ ಕೈಗೂ ಸಣ್ಣ ಕೈಗೂ ಈ ಲೆಕ್ಕ ಹೊಂದುತ್ತದೆ.

ಒಂದು ಪರೀಕ್ಷೆ ಮಾಡಿ. ಬೆರಳ ಕೆಳಗೆ ನಾಡಿ ಬಡಿಯುವುದು ಗೊತ್ತಾಗುತ್ತಿದೆಯಾ? ಹಾಗಿದ್ದರೆ ನೀವು ಮಣಿಕಟ್ಟಿನ ಕಡೆಗೆ ಜಾಸ್ತಿ ಹೋಗಿದ್ದೀರಿ. ಹೆಬ್ಬೆರಳ ಮೂಳೆ ಮತ್ತು ತೋರುಬೆರಳ ಮೂಳೆ ಕೂಡುವ ಸಂದಿಯಲ್ಲಿ ಒಂದು ರಕ್ತನಾಳ ಅಂಗೈಯೊಳಗೆ ಇಳಿಯುತ್ತದೆ. ಬಡಿತ ಅದರದ್ದು. ಅಲ್ಲಿಂದ ಬೆರಳ ತುದಿಯ ಕಡೆಗೆ ಸ್ವಲ್ಪ ವಾಪಸ್ ಬನ್ನಿ.

ಒತ್ತುವ ಕ್ರಮ

ಉಗುರು ಕತ್ತರಿಸಿರಬೇಕು, ಕೈ ತೊಳೆದಿರಬೇಕು. ಕೂತುಕೊಂಡೇ ಮಾಡಿ.

ಬಲಗೈ ಹೆಬ್ಬೆರಳನ್ನು ಬಿಂದುವಿನ ಮೇಲಿಡಿ. ತೋರುಬೆರಳು ಅಂಗೈ ಕಡೆಯಿಂದ ಆಸರೆಯಾಗಿ ನಿಲ್ಲಲಿ. ಈಗ ಒತ್ತಿ. ಆದರೆ ನೇರ ಕೆಳಕ್ಕೆ ಅಲ್ಲ. ತೋರುಬೆರಳ ಮೂಳೆಯ ಕಡೆಗೆ, ಆ ಮೂಳೆಯ ಅಡಿಗೆ ನುಗ್ಗುವ ಹಾಗೆ ಒತ್ತಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಬೆರಳ ಸಂದಿನ ತೆಳು ಚರ್ಮವನ್ನು ಚಿವುಟಿ ಹಿಡಿದು, ಉರಿಯುತ್ತಿದೆ, ಅಂದರೆ ಸರಿಯಾಗಿದೆ ಅಂದುಕೊಳ್ಳುತ್ತಾರೆ. ಚಿವುಟಿದ ಉರಿ ಚರ್ಮದ್ದು. ಹೆಗು ಇರುವುದು ಒಳಗಿನ ಮಾಂಸದಲ್ಲಿ.

ಒತ್ತಡವನ್ನು ಒಮ್ಮೆಲೇ ಹಾಕಬೇಡಿ. ಎರಡು ಮೂರು ಉಸಿರು ಬಿಡುವಷ್ಟು ಹೊತ್ತಿನಲ್ಲಿ ನಿಧಾನಕ್ಕೆ ಹೆಚ್ಚಿಸಿ. ಒಂದು ಹಂತದಲ್ಲಿ ಒಳಗೆ ಮಂದವಾದ ನೋವು ಏಳುತ್ತದೆ. ಭಾರ ಅನ್ನಿಸಬಹುದು, ಸೆಳೆತ ಅನ್ನಿಸಬಹುದು, ಸಣ್ಣಗೆ ಜೋಮು ಹಿಡಿದ ಹಾಗೂ ಆಗಬಹುದು. ಕೆಲವರಿಗೆ ಅದು ತೋರುಬೆರಳ ಕಡೆಗೆ ಹರಿದ ಹಾಗಿರುತ್ತದೆ, ಕೆಲವರಿಗೆ ಮಣಿಕಟ್ಟಿನ ಕಡೆಗೆ. ಚೀನೀ ವೈದ್ಯರು ಸೂಜಿ ಹಾಕಿದಾಗ ಕಾಯುವುದು ಇದಕ್ಕೇ. 'ದ ಚಿ', ಅಂದರೆ ಚಿ ಬಂತು ಅನ್ನುತ್ತಾರೆ. ಈ ಅನುಭವ ಬಾರದೆ ಸೂಜಿ ಇಟ್ಟು ಏನು ಪ್ರಯೋಜನ ಅನ್ನುವುದು ಅವರ ಹಳೆಯ ವಾದ. ಬೆರಳಿನಿಂದ ಒತ್ತುವವರಿಗೂ ಇದೇ ಒಳ್ಳೆಯ ಗುರುತು.

ಚುರ್ ಅಂತ ಕರೆಂಟ್ ಹೊಡೆದ ಹಾಗಾದರೆ ಮಾತ್ರ ಬೆರಳನ್ನು ಒಂಚೂರು ಸರಿಸಿ. ಅಲ್ಲಿ ಚರ್ಮದ ಕೆಳಗೆ ನರದ ಕವಲುಗಳಿವೆ.

ಮಂದ ನೋವು ಸಿಕ್ಕ ಮೇಲೆ ಅದೇ ಒತ್ತಡದಲ್ಲಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಬೆರಳನ್ನು ಎತ್ತದೆ, ಚರ್ಮದ ಮೇಲೆ ಉಜ್ಜದೆ, ಒಳಗಿನ ಮಾಂಸವನ್ನು ಸಣ್ಣ ಸುತ್ತಿನಲ್ಲಿ ತಿರುವಿ. ಮತ್ತೆ ಸುಮ್ನೆ ಒತ್ತಿ ಹಿಡಿಯಿರಿ. ಒಂದು ಕೈಗೆ ಒಟ್ಟು ಎರಡರಿಂದ ಮೂರು ನಿಮಿಷ ಸಾಕು. ಬಳಿಕ ಇನ್ನೊಂದು ಕೈ. ಒತ್ತುವಾಗ ಹಲ್ಲು ಕಚ್ಚಬೇಡಿ, ಭುಜ ಎತ್ತಬೇಡಿ, ಉಸಿರು ಹಿಡಿಯಬೇಡಿ. ತಲೆನೋವಿಗೆ ಅಂತ ಕೂತವರು ಹೀಗೆ ಕತ್ತು ಬಿಗಿ ಮಾಡಿಕೊಂಡರೆ ತಲೆನೋವು ಹೆಚ್ಚೇ ಆಗುತ್ತದೆ.

ಆಮೇಲೆ ಕಾಯಿರಿ. ಇದನ್ನು ಒತ್ತಿ ಹೇಳಲು ನನಗೊಂದು ಕಾರಣ ಇದೆ. ಬೀಜಿಂಗ್‌ನಲ್ಲಿ ಹಾನ್ ಜಿಶೆಂಗ್ ಎಂಬ ವಿಜ್ಞಾನಿ 1965ರಲ್ಲಿ ಸ್ವಯಂಸೇವಕರ ಮೇಲೆ ಈ ಬಿಂದುವನ್ನು ಪರೀಕ್ಷೆ ಮಾಡಲು ಶುರು ಮಾಡಿದರು. ಹೆಗುವಿಗೆ ಸೂಜಿ ಹಾಕಿ ತಿರುಗಿಸುತ್ತಾ, ಮೈಯ ಬೇರೆ ಬೇರೆ ಕಡೆ ಚರ್ಮ ಎಷ್ಟು ನೋವು ತಡೆಯುತ್ತದೆ ಅಂತ ಅಳೆದರು. ತಡೆಯುವ ಶಕ್ತಿ ತಕ್ಷಣ ಏರಲಿಲ್ಲ. ನಿಧಾನಕ್ಕೆ ಏರುತ್ತಾ ಹೋಗಿ ಸುಮಾರು ಅರ್ಧ ಗಂಟೆಗೆ ತುದಿ ಮುಟ್ಟಿತು. ಸೂಜಿ ತೆಗೆದ ಮೇಲೂ ಒಮ್ಮೆಲೇ ಇಳಿಯಲಿಲ್ಲ, ಸುಮಾರು 16 ನಿಮಿಷಕ್ಕೆ ಅರ್ಧದಷ್ಟಾಗುತ್ತಾ ಇಳಿಯಿತು. ಬಿಂದುವಿನ ಒಳಮಾಂಸಕ್ಕೆ ಮೊದಲೇ ಮರಗಟ್ಟಿಸುವ ಔಷಧಿ ಚುಚ್ಚಿದ್ದರೆ ಪರಿಣಾಮವೇ ಇರಲಿಲ್ಲ. ಅಂದರೆ ಅಲ್ಲಿನ ನರಗಳು ಸುದ್ದಿ ಮುಟ್ಟಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಬೆರಳಿನ ಒತ್ತಡ ಸೂಜಿಯಷ್ಟು ಬಲವಾದದ್ದಲ್ಲ. ಹತ್ತು ಸೆಕೆಂಡು ಒತ್ತಿ, ಏನೂ ಆಗಲಿಲ್ಲ ಅಂತ ಬಿಡುವುದು ನ್ಯಾಯವಲ್ಲ, ಅಲ್ವಾ?

ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಮಾಂಸ ನೋಯಲು ಶುರುವಾದರೆ ಒಂದು ದಿನ ಬಿಡಿ.

ಕೈಯ ಬಿಂದುವಿಗೂ ಮುಖಕ್ಕೂ ಏನು ಸಂಬಂಧ?

ಚೀನೀ ಲೆಕ್ಕದಲ್ಲಿ ದೊಡ್ಡ ಕರುಳಿನ ದಾರಿ ತೋರುಬೆರಳ ಉಗುರಿನ ಪಕ್ಕದಲ್ಲಿ ಶುರುವಾಗುತ್ತದೆ. ತೋಳಿನ ಹೊರಬದಿ ಹಿಡಿದು ಭುಜಕ್ಕೆ, ಕತ್ತಿಗೆ, ಕೆನ್ನೆಗೆ ಬಂದು ಕೆಳಸಾಲಿನ ಹಲ್ಲುಗಳಿಗೆ ಹೋಗುತ್ತದೆ. ಆಮೇಲೆ ಮೇಲ್ದುಟಿಯ ಮೇಲೆ ಅಡ್ಡ ದಾಟಿ, ಎದುರು ಬದಿಯ ಮೂಗಿನ ಹೊಳ್ಳೆಯ ಪಕ್ಕ ನಿಲ್ಲುತ್ತದೆ. ಅಕ್ಯುಪಂಕ್ಚರ್ ಕಲಿಯುವವರು ಬಾಯಿಪಾಠ ಮಾಡುವ ಒಂದು ಹಳೆಯ ಪದ್ಯ ಇದೆ. ಹೊಟ್ಟೆಗೆ ಒಂದು ಬಿಂದು, ಬೆನ್ನಿಗೆ ಒಂದು, ತಲೆ ಕತ್ತಿಗೆ ಒಂದು ಅಂತ ಹಂಚಿ, ಮುಖ ಮತ್ತು ಬಾಯಿಯನ್ನು ಹೆಗುವಿಗೆ ಒಪ್ಪಿಸುತ್ತದೆ. ಹಲ್ಲುನೋವು, ತಲೆನೋವು, ಗಂಟಲುನೋವು, ಮೂಗು ಕಟ್ಟುವುದು, ಮುಖ ಸೊಟ್ಟಗಾಗುವುದು, ಎಲ್ಲದಕ್ಕೂ ಚೀನೀ ವೈದ್ಯರು ಮೊದಲು ನೆನೆಸಿಕೊಳ್ಳುವುದು ಇದನ್ನೇ.

ಜಾಗದ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ಅನ್ನುವುದಕ್ಕೆ ಸಾಂಗ್ ರಾಜರ ಕಾಲದ ಕಂಚಿನ ಮನುಷ್ಯರೇ ಸಾಕ್ಷಿ. ವಾಂಗ್ ವೈಯಿ ಎಂಬ ವೈದ್ಯರ ಉಸ್ತುವಾರಿಯಲ್ಲಿ 1027ರಲ್ಲಿ ಆಳೆತ್ತರದ ಎರಡು ಬೊಂಬೆಗಳನ್ನು ಎರಕ ಹೊಯ್ದರು. ಬಿಂದು ಇದ್ದಲ್ಲೆಲ್ಲ ತೂತು. ಪರೀಕ್ಷೆಯ ದಿನ ಮೇಲೆಲ್ಲ ಮೇಣ ಬಳಿದು, ಒಳಗೆ ದ್ರವ ತುಂಬುತ್ತಿದ್ದರು. ವಿದ್ಯಾರ್ಥಿಯ ಸೂಜಿ ಸರಿಯಾದ ಜಾಗಕ್ಕೆ ಹೋದರೆ ದ್ರವ ಹೊರಗೆ ಬರುತ್ತಿತ್ತು.

ಯಾವ ತೊಂದರೆಗೆ ಹೇಗೆ

*ಹಲ್ಲುನೋವು.* ಹೆಗುವಿನ ಹಳೆಯ ಹೆಸರುವಾಸಿ ಇದಕ್ಕೇ. ದಾರಿ ಮೇಲ್ದುಟಿಯಲ್ಲಿ ಅಡ್ಡ ದಾಟುತ್ತದೆ ಅಂತ, ಬಲಗಡೆ ಹಲ್ಲು ನೋಯುತ್ತಿದ್ದರೆ ಎಡಗೈಯ ಹೆಗು ಒತ್ತುವುದು ರೂಢಿ. ಎರಡೂ ಕೈ ಒತ್ತಿದರೆ ತಪ್ಪೇನಿಲ್ಲ.

ಬೆರಳಲ್ಲದೆ ಇನ್ನೊಂದು ಉಪಾಯ ಇದೆ: ಐಸ್. ನೋವಿನ ಬಗ್ಗೆ ಜೀವನವಿಡೀ ಸಂಶೋಧನೆ ಮಾಡಿದ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಅವರ ಜೊತೆಗಾರರು 1980ರಲ್ಲಿ ಹಲ್ಲುನೋವಿನ ರೋಗಿಗಳ ಕೈಗೆ, ಹೆಬ್ಬೆರಳು ತೋರುಬೆರಳ ಸಂದಿನಲ್ಲಿ, ಐಸ್ ಉಜ್ಜಿ ನೋಡಿದರು. ಹೆಚ್ಚಿನವರ ನೋವು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು. ಅವರು ಉಜ್ಜಿದ್ದು ನೋವಿದ್ದ ಬದಿಯ ಕೈಗೇ. ಮನೆಯಲ್ಲಿ ಮಾಡುವುದಾದರೆ ಐಸ್ ತುಂಡನ್ನು ತೆಳು ಕರ್ಚೀಫಿನಲ್ಲಿ ಸುತ್ತಿ, ಆ ಸಂದಿನ ಮೇಲೆ ಮೆಲ್ಲಗೆ ಆಡಿಸಿ. ಜಾಗ ಮರಗಟ್ಟಿದರೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಒಂದೇ ಕಡೆ ಅದುಮಿ ಹಿಡಿಯಬೇಡಿ, ಚರ್ಮ ಸುಡುತ್ತದೆ.

ನಮ್ಮ ಅತ್ತಿಗೆಗೆ ಒಂದು ರಾತ್ರಿ ದವಡೆ ಹಲ್ಲಿನ ನೋವು ಎದ್ದಿತು. ಡೆಂಟಿಸ್ಟ್ ಸಿಗುವುದು ಬೆಳಿಗ್ಗೆಯೇ. ಸ್ಟೀಲ್ ಬಟ್ಟಲಲ್ಲಿ ಐಸ್ ಇಟ್ಟುಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ಉಜ್ಜುತ್ತಾ ಕೂತರು. ನೋವು ಪೂರ್ತಿ ಹೋಗಲಿಲ್ಲ, ಆದರೆ ನಿದ್ದೆ ಮಾಡುವಷ್ಟು ತಗ್ಗಿತು. ಬೆಳಿಗ್ಗೆ ಎದ್ದು, "ಪರವಾಗಿಲ್ಲ ಕಣೋ, ಡಾಕ್ಟರ ಹತ್ರ ನಾಳೆ ಹೋದ್ರಾಯ್ತು" ಅಂದರು. ಹಿಡಿದು ಕರೆದುಕೊಂಡು ಹೋದೆವು. ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿತ್ತು. ಹೆಗುವಿನ ನಿಜವಾದ ಅಪಾಯ ಈ 'ನಾಳೆ' ಅನ್ನುವುದರಲ್ಲಿದೆ. ಕೆನ್ನೆ ಊದಿದ್ದರೆ, ಜ್ವರ ಇದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬಿಂದು ಒತ್ತುತ್ತಾ ಕೂರಬೇಡಿ.

ಇನ್ನೊಂದು ಮುಖ್ಯ ವಿಷಯ. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹಲ್ಲಿನದಲ್ಲ, ಹೃದಯದ್ದಿರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

*ತಲೆನೋವು.* ಹಣೆ ಭಾರ, ಕಣ್ಣಿನ ಹಿಂದೆ ಒತ್ತಿದ ಹಾಗಿರುವುದು, ದಿನವಿಡೀ ಕಂಪ್ಯೂಟರ್ ನೋಡಿದ ಮೇಲೆ ಬರುವ ಬಿಗಿತ, ಇವುಗಳಿಗೆ ಹೆಗು ಹೊಂದುತ್ತದೆ. ಕಾಲಿನಲ್ಲಿ ಇದಕ್ಕೊಂದು ಜೋಡಿ ಇದೆ. ಕಾಲಿನ ಹೆಬ್ಬೆರಳು ಮತ್ತು ಎರಡನೇ ಬೆರಳ ನಡುವಿನಿಂದ ಪಾದದ ಮೇಲೆ ಸರಿಯುತ್ತಾ ಹೋದರೆ ಎರಡು ಮೂಳೆ ಕೂಡುವ ಮುಂಚೆ ಒಂದು ತಗ್ಗು ಸಿಗುತ್ತದೆ. ಅದು ತಾಯ್‌ಚೋಂಗ್. ಎರಡು ಕೈಯ ಹೆಗು, ಎರಡು ಕಾಲಿನ ತಾಯ್‌ಚೋಂಗ್ ಸೇರಿಸಿ 'ನಾಲ್ಕು ಬಾಗಿಲು' ಅನ್ನುತ್ತಾರೆ. ನೋವು, ಸಿಟ್ಟು, ತಳಮಳ ಒಟ್ಟಿಗೆ ಇದ್ದಾಗ ನಾಲ್ಕನ್ನೂ ಬಳಸುವುದು ಪದ್ಧತಿ. ಮೊದಲು ಕೈ, ಆಮೇಲೆ ಕಾಲು ಒತ್ತಿ, ಕೋಣೆಯ ದೀಪ ಆರಿಸಿ ಮಲಗಿ.

ಪುರಾವೆ ಎಷ್ಟಿದೆ ಅಂತ ಕೇಳಿದರೆ: ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆಗಳ ಪ್ರಕಾರ ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ ಮೈಗ್ರೇನ್ ಮತ್ತು ಬಿಗಿತದ ತಲೆನೋವು ಬರುವ ದಿನಗಳು ಕಡಿಮೆಯಾಗುತ್ತವೆ. ಆದರೆ ಹೋಲಿಸಿ ನೋಡಲು ಹಾಕಿದ ಸುಳ್ಳು ಸೂಜಿಗೂ ನಿಜವಾದ ಸೂಜಿಗೂ ನಡುವಿನ ಅಂತರ ಸಣ್ಣದು. ಅಲ್ಲಿ ಪರೀಕ್ಷಿಸಿದ್ದು ಹಲವು ಬಿಂದುಗಳಿಗೆ ವಾರಗಟ್ಟಲೆ ಸೂಜಿ ಹಾಕುವ ಚಿಕಿತ್ಸೆಯನ್ನು, ಹೆಗು ಒಂದನ್ನೇ ಬೆರಳಲ್ಲಿ ಒತ್ತುವುದನ್ನಲ್ಲ. ಒತ್ತಿದರೆ ಕಳೆದುಕೊಳ್ಳುವುದು ಏನೂ ಇಲ್ಲ ಅನ್ನುವುದೇ ನನ್ನ ಪಾಲಿಗೆ ಇದರ ಪರ ಇರುವ ಬಲವಾದ ಕಾರಣ. ಆದರೆ ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಗ್ಗಿಸಲಾಗದ ನೋವು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇದ್ದರೆ ನೇರ ಆಸ್ಪತ್ರೆಗೆ.

*ಶೀತ, ಕಟ್ಟಿದ ಮೂಗು.* ಹೆಗು ಒತ್ತಿದ ಮೇಲೆ ಅದೇ ದಾರಿಯ ಕೊನೆಯ ಬಿಂದುವನ್ನೂ ಒತ್ತಿ. ಮೂಗಿನ ಹೊಳ್ಳೆಯ ಅಂಚಿನ ಪಕ್ಕ, ಕೆನ್ನೆಯ ಗೆರೆಯಲ್ಲಿ ಇರುವ ಇದರ ಹೆಸರು ಯಿಂಗ್‌ಶಿಯಾಂಗ್. ಎರಡು ತೋರುಬೆರಳಿನಿಂದ ಎರಡೂ ಬದಿ ಒಂದು ನಿಮಿಷ ಹಗುರವಾಗಿ ಸಾಕು.

*ಮುಖ ಸೊಟ್ಟಗಾಗುವುದು.* ಚೀನಾದಲ್ಲಿ ಇದಕ್ಕೆ ಹೆಗುವನ್ನು ತುಂಬಾ ಬಳಸುತ್ತಾರೆ. ನೀವು ಮಾತ್ರ ಮನೆಯಲ್ಲಿ ಒತ್ತುತ್ತಾ ದಿನ ಕಳೆಯಬೇಡಿ. ಮೊದಲು ಅದು ಪಾರ್ಶ್ವವಾಯು ಅಲ್ಲ ಅಂತ ಡಾಕ್ಟರು ಹೇಳಬೇಕು. ಮುಖದ ನರ ಮಾತ್ರ ಸೋಲುವ ಬೆಲ್ಸ್ ಪಾಲ್ಸಿ ಆಗಿದ್ದರೆ ಸ್ಟೀರಾಯ್ಡ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಅಕ್ಯುಪಂಕ್ಚರ್ ಆಮೇಲೆ.

ಬೆವರು ಬರಿಸಲು, ಬೆವರು ನಿಲ್ಲಿಸಲು, ಮುಟ್ಟಿನ ನೋವಿಗೆ ಕೂಡ ಹೆಗುವನ್ನು ಬೇರೆ ಬಿಂದುಗಳ ಜೊತೆ ಸೇರಿಸಿ ಬಳಸುತ್ತಾರೆ. ಅದು ಕಲಿತವರು ಸೂಜಿಯಿಂದ ಮಾಡುವ ಕೆಲಸ.

ಯಾರಿಗೆ ಬೇಡ

ಗರ್ಭಿಣಿಯರಿಗೆ ಬೇಡ. ಇದು ತುಂಬಾ ಹಳೆಯ ನಿಷೇಧ. 5ನೇ ಶತಮಾನದ ಷು ವೆನ್‌ಬೊ ಎಂಬ ಚೀನೀ ವೈದ್ಯರು ಗರ್ಭಿಣಿಯೊಬ್ಬಳಿಗೆ ಹೆಗು ಮತ್ತು ಕಾಲಿನ ಸಾನ್‌ಯಿನ್‌ಜ್ಯಾವ್ ಬಿಂದುಗಳಿಗೆ ಸೂಜಿ ಹಾಕಿದಾಗ ಗರ್ಭ ಬಿದ್ದುಹೋಯಿತು ಅನ್ನುವ ಕಥೆ ಹಳೆಯ ಚರಿತ್ರೆಯಲ್ಲಿದೆ. ಇಂದಿನ ಪ್ರಯೋಗಗಳಲ್ಲಿ ಈ ಬಿಂದು ಒತ್ತಿದರೆ ಹೆರಿಗೆ ಶುರುವಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಾಗಂತ ತಲೆನೋವಿಗಾಗಿ ಗಂಡಾಂತರ ಮೈಮೇಲೆ ಎಳೆದುಕೊಳ್ಳುವುದು ಯಾಕೆ? ದಿನ ತುಂಬಿದ ಮೇಲೆ, ಹೆರಿಗೆ ನೋವು ತಗ್ಗಿಸಲು ಕೆಲವು ಆಸ್ಪತ್ರೆಗಳಲ್ಲಿ ಇದನ್ನು ಒತ್ತಿ ನೋಡಿದ್ದಾರೆ. ಅದು ಅಲ್ಲಿನ ಡಾಕ್ಟರು, ನರ್ಸ್ ಜೊತೆ ಮಾತಾಡಿ ಮಾಡುವಂಥದ್ದು.

ಕೈಯಲ್ಲಿ ಗಾಯ, ಮುರಿತ, ಊತ, ಡ್ರಿಪ್ ಸೂಜಿ ಇದ್ದರೆ ಆ ಕೈ ಬಿಡಿ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಬದಿಯ ಕೈ ಊದಿಕೊಳ್ಳುತ್ತಿದ್ದರೆ ಅದನ್ನೂ ಬಿಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಹಗುರವಾಗಿ ಒತ್ತಬೇಕು, ಬೇಗ ನೀಲಿಗಟ್ಟುತ್ತದೆ. ಸಕ್ಕರೆ ಕಾಯಿಲೆಯಿಂದ ಕೈ ಸ್ಪರ್ಶ ಕಳೆದುಕೊಂಡಿದ್ದರೆ ಐಸ್ ಬೇಡವೇ ಬೇಡ.

ಇದು ನಮ್ಮ ಮರ್ಮವೇ?

ಹೆಗು ಅಂದರೆ ಆಯುರ್ವೇದದ ಕ್ಷಿಪ್ರ ಮರ್ಮವೇ ಅಂತ ಹಲವರು ಹೇಳುತ್ತಾರೆ. ಜಾಗ ನಿಜಕ್ಕೂ ಹತ್ತಿರದ್ದೇ. ಸುಶ್ರುತ ಸಂಹಿತೆಯ 107 ಮರ್ಮಗಳಲ್ಲಿ ಕ್ಷಿಪ್ರವೂ ಒಂದು, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಇರುವುದು. ಆದರೆ ಸುಶ್ರುತ ಅದನ್ನು ಹೇಳುವುದು ಎಚ್ಚರಿಸಲು. ಅಲ್ಲಿ ಪೆಟ್ಟಾದರೆ ಸೆಳವು ಬಂದು ಸಾವು ಬರಬಹುದು, ಶಸ್ತ್ರ ಹಿಡಿದವನು ಜೋಪಾನ ಅನ್ನುವ ಅರ್ಥದಲ್ಲಿ. ಚೀನೀಯರು ಸೂಜಿ ಹಾಕಿದ ಜಾಗವನ್ನು ನಮ್ಮವರು ಸೂಜಿ ತಾಗದಂತೆ ಕಾದರು. ಎರಡನ್ನೂ ಒಂದೇ ಅನ್ನುವುದು ಎರಡು ಪರಂಪರೆಗೂ ಮಾಡುವ ಅನ್ಯಾಯ.

ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ದಾರಿ ಬೇರೆಯೇ. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿ ಡಾ. ಬಿ.ಕೆ. ಬಸು ಇದ್ದರು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕಲ್ಕತ್ತಾಕ್ಕೆ ತಂದರು. ಈಗ ಕರ್ನಾಟಕದ ಪ್ರಕೃತಿ ಚಿಕಿತ್ಸಾ ಕಾಲೇಜುಗಳಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದುವವರೂ ಇದನ್ನು ಕಲಿಯುತ್ತಾರೆ.

ಸೂಜಿ ಹಾಕಿಸಿಕೊಳ್ಳುವುದಾದರೆ

ಮನೆಯಲ್ಲಿ ನೀವೇ ಸೂಜಿ ಚುಚ್ಚಿಕೊಳ್ಳಬೇಡಿ. ಕಲಿತವರ ಹತ್ತಿರ ಹೋಗಿ, ಓದಿದ್ದು ಏನು ಅಂತ ಕೇಳಿ. ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು, ಒಮ್ಮೆ ಬಳಸಿ ಬಿಸಾಡುವ ಸೂಜಿ ಆಗಿರಬೇಕು. ಗರ್ಭಿಣಿಯಾಗಿದ್ದರೆ, ಇರಬಹುದು ಅನ್ನುವ ಅನುಮಾನವಿದ್ದರೂ, ಅವರು ಕೇಳುವ ಮುಂಚೆ ನೀವೇ ಹೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಮೊದಲ ಸಲವಾದರೆ ಮಲಗಿಕೊಂಡೇ ಹಾಕಿಸಿಕೊಳ್ಳಿ, ಕೆಲವರಿಗೆ ಹೆಗುವಿನ ಸೂಜಿಗೆ ತಲೆ ಸುತ್ತುತ್ತದೆ.

ಸೂಜಿ ಕೂದಲೆಳೆಗಿಂತ ಸ್ವಲ್ಪ ದಪ್ಪ ಅಷ್ಟೇ. ಹೆಗುವಿನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದು 'ಚುನ್' ಆಳಕ್ಕೆ ಹಾಕುತ್ತಾರೆ. ಒಂದು ಚುನ್ ಅಂದರೆ ನಿಮ್ಮದೇ ಹೆಬ್ಬೆರಳ ಗೆಣ್ಣಿನ ಅಗಲ. ಸೂಜಿ ಇರುವಾಗ ಬೆರಳು ಮಡಚಬೇಡಿ, ಮೊಬೈಲ್ ಎತ್ತಿಕೊಳ್ಳಲು ಹೋಗಬೇಡಿ. ತೆಗೆದ ಮೇಲೆ ಹತ್ತಿಯಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಅಲ್ಲಿ ಸಣ್ಣ ರಕ್ತನಾಳಗಳು ಜಾಸ್ತಿ ಇರುವುದರಿಂದ ಒಂದೊಂದು ಸಲ ನೀಲಿ ಕಲೆ ಉಳಿಯುತ್ತದೆ. ಅದು ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಕೆಂಪಾಗಿ, ಬಿಸಿಯಾಗಿ, ಊದುತ್ತಾ ಹೋದರೆ ಮಾತ್ರ ಡಾಕ್ಟರಿಗೆ ತೋರಿಸಿ.